ದೊಡ್ಡ ಕಂಪನಿಯ ನೌಕರಿ: ಲಕ್ಕಮ್ಮನ ಅಳತೆ

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಮದುವೆ ಮಾತುಕತೆಗೆ ಕುಳಿತರೆ ಹೊಲ ಎಷ್ಟು ಎಕರೆ ಎಂದು ಕೇಳುವ ಮೊದಲೇ ‘ಹುಡುಗ ಯಾವ ಕಂಪನಿಯೊಳಗ ಇದ್ದಾನ್ರೀ?’ ಎಂಬ ಪ್ರಶ್ನೆ ಬರುತ್ತದೆ. ಇನ್ಫೋಸಿಸ್, ಟಿಸಿಎಸ್, ಅಮೆಜಾನ್ ಎಂದರೆ ಮುಂದಿನ ಮಾತು ಸಲೀಸು. ಹೆಸರು ಕೇಳದ ಕಂಪನಿಯಾದರೆ ಹಿರಿಯರ ಮುಖ ಸಪ್ಪಗಾಗುತ್ತದೆ. ದೊಡ್ಡ ಕಂಪನಿಯ ನೌಕರಿಯೇ ಒಳ್ಳೆಯ ನೌಕರಿ ಎಂಬ ಈ ನಂಬಿಕೆ ಎಷ್ಟು ಸರಿ? ಮಕ್ಕಳ ಓದಿಗೆ ಸಾಲ ಎತ್ತುವ ಮನೆಗಳಿರುವ ಸೀಮೆಯಲ್ಲಿ ಇದನ್ನು ಸಮಾಧಾನದಿಂದ ತೂಗಿ ನೋಡಬೇಕು.

ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಕಾಲೇಜಿನ ಸೀಟು, ರಾಜ್ಯ ಸರ್ಕಾರದ ಹುದ್ದೆ ಎರಡರಲ್ಲೂ ಮೀಸಲಾತಿ ಸಿಕ್ಕಿತು. ಸೀಟು ಸಿಕ್ಕವರೆಲ್ಲರಿಗೂ ಸರ್ಕಾರಿ ಹುದ್ದೆ ಸಿಗಲಾರದು. ಖಾಸಗಿ ಕಂಪನಿಗೆ ಆ ಮೀಸಲಾತಿ ಅನ್ವಯಿಸುವುದಿಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಿವೆ. ಕಂಪ್ಯೂಟರ್ ಓದಿದವರಿಗೆ ಅಲ್ಲಿ ದಾರಿ ಕಿರಿದು. ಹಾಗಾಗಿ ಬಸವಕಲ್ಯಾಣ, ಭಾಲ್ಕಿ, ಬೀದರ್‌ನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಹೆದ್ದಾರಿ ಹಿಡಿಯುತ್ತಾರೆ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಹೈದರಾಬಾದಿನ ಹೈಟೆಕ್ ಸಿಟಿ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರದ ಊರಾಗಿದೆ.

ಅಲ್ಲಿನ ದೊಡ್ಡ ಕಂಪನಿ ಏನು ಕೊಡುತ್ತದೆ ಎಂಬುದನ್ನು ಅರಿಯಲು ಬಸವಕಲ್ಯಾಣದ ಲಾರಿ ಗ್ಯಾರೇಜಿಗೆ ಹೋಗಬೇಕು. ಅಲ್ಲಿನ ಮಿಸ್ತ್ರಿಗೆ ಲಾರಿಯ ಒಂದೊಂದು ಭಾಗವೂ ಗೊತ್ತು. ಆದರೆ ಬೆಸುಗೆ ಹಾಕುವಾಗ ಕೈ ಸುಟ್ಟರೆ ಆಸ್ಪತ್ರೆಯ ಖರ್ಚು ಅವನದೇ, ಕೆಲಸಕ್ಕೆ ಬಾರದ ದಿನದ ಕೂಲಿಯೂ ಇಲ್ಲ. ಕಂಪನಿ ಸೇರಿದ ಅವನ ಮಗನಿಗೆ ತಿಂಗಳ ಕೊನೆಗೆ ಸಂಬಳ, ಭವಿಷ್ಯನಿಧಿ, ಆರೋಗ್ಯ ವಿಮೆ. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ದೊಡ್ಡ ಮಾತು. 26 ವಾರಗಳ ಹೆರಿಗೆ ರಜೆ 2017ರಿಂದ ಕಾನೂನಾಗಿದ್ದರೂ ಸಣ್ಣ ಅಂಗಡಿ, ಶಾಲೆಗಳಲ್ಲಿ ಅದನ್ನು ಕೇಳಿ ಪಡೆಯುವುದು ಕಷ್ಟ. ದೊಡ್ಡ ಕಂಪನಿಯಲ್ಲಿ ಅದು ನಿಯಮದಂತೆ ಸಿಗುತ್ತದೆ. ಕಲಿಕೆಯೂ ಹಾಗೆಯೇ. ಇನ್ಫೋಸಿಸ್ ತನ್ನ ಮೈಸೂರಿನ ಆವರಣದಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್‌ನಲ್ಲಿ ತಡವರಿಸುವ ಹುಡುಗನಿಗೆ ಕಾಲೂರಲು ಅಷ್ಟು ಸಮಯ ಕೊಡುವ ಶಕ್ತಿ ಸಣ್ಣ ಕಂಪನಿಗೆ ಇರುವುದಿಲ್ಲ.

ಇನ್ನೊಂದು ತಟ್ಟೆಯೂ ಹಗುರವಲ್ಲ. ಮಿಸ್ತ್ರಿಗೆ ಇಡೀ ಲಾರಿ ಗೊತ್ತಿದ್ದರೆ ಮಗನಿಗೆ ಒಂದು ಬೋಲ್ಟು ಮಾತ್ರ ಗೊತ್ತು. ಸಾವಿರಾರು ಜನ ಹಂಚಿಕೊಂಡ ಕೆಲಸದಲ್ಲಿ ತನ್ನ ಪಾಲು ಯಾರಿಗೆ ಉಪಯೋಗವಾಯಿತು ಎಂಬುದು ಅವನಿಗೆ ಕಾಣುವುದೇ ಇಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬಾಡಿಗೆ, ಬಸ್ ಚಾರ್ಜು ನಿಂತಿಲ್ಲ. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಕರ್ನಾಟಕದಲ್ಲಿ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಭದ್ರತೆ ಎಂದುಕೊಂಡದ್ದೂ ಅಷ್ಟು ಭದ್ರವಲ್ಲ. 2023ರ ಜನವರಿ ಒಂದರಲ್ಲೇ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿದವು. ಎಂಥ ಕಷ್ಟದಲ್ಲೂ ಜನರನ್ನು ಕೈಬಿಡುವುದಿಲ್ಲ ಎಂಬ ಹೆಸರಿದ್ದ ಟಿಸಿಎಸ್ ಕೂಡ 2025ರ ಜುಲೈಯಲ್ಲಿ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವ ನಿರ್ಧಾರ ಪ್ರಕಟಿಸಿತು. ಕೆಲಸ ಚೆನ್ನಾಗಿ ಮಾಡಿದವರೂ ಆ ಲೆಕ್ಕದೊಳಗೆ ಸೇರಿರುತ್ತಾರೆ.

ಹಾಗಾದರೆ ಸೇರಬೇಕೋ ಬೇಡವೋ? ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಉತ್ತರವಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಅರಸ ಬಿಜ್ಜಳನ ಭಂಡಾರಕ್ಕಿಂತ ದೊಡ್ಡ ಸಂಸ್ಥೆ ಇರಲಿಲ್ಲ. ಬಸವಣ್ಣನವರು ಅಲ್ಲಿಯೇ ಕೆಲಸ ಮಾಡಿದರು. ಅರಮನೆಯ ಕೆಲಸವೆಂದು ದೂರ ಸರಿಯಲಿಲ್ಲ, ಅದನ್ನೇ ನಂಬಿ ಕೂರಲೂ ಇಲ್ಲ. ಅರಸನ ನಡೆ ತಮ್ಮ ನಂಬಿಕೆಗೆ ಎದುರಾದಾಗ ಕಲ್ಯಾಣವನ್ನೇ ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಅದೇ ಕಲ್ಯಾಣದಲ್ಲಿ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಆ ಮನೆಯ ಅಗತ್ಯ ಚಿಕ್ಕದಾಗಿತ್ತು. ಅದಕ್ಕೇ ಯಾರ ಮುಂದೆಯೂ ತಲೆಬಾಗುವ ಪ್ರಸಂಗ ಅವರಿಗೆ ಬರಲಿಲ್ಲ.

ಇಂದಿನ ನೌಕರನನ್ನು ಕಟ್ಟಿಹಾಕುವುದು ಹೆಚ್ಚಾಗಿ ಅವನ ಸಾಲ. ಸಂಬಳದ ಚೀಟಿ ಕೈಗೆ ಬಂದ ಎರಡನೇ ವರ್ಷವೇ ಇಪ್ಪತ್ತು ವರ್ಷದ ಗೃಹಸಾಲ, ಕಾರು, ಸಾಲ ಮಾಡಿದ ಅದ್ದೂರಿ ಮದುವೆ. ಅಲ್ಲಿಗೆ ಅನ್ಯಾಯ ಕಂಡರೂ ಬಾಯಿ ಕಟ್ಟುತ್ತದೆ, ಬೇರೆ ಕೆಲಸ ಕಲಿಯುವ ಧೈರ್ಯ ಇಂಗುತ್ತದೆ, ಕೆಲಸ ಹೋದರೆ ಮನೆಯೇ ಕುಸಿಯುತ್ತದೆ. ಸಾಲವಿಲ್ಲದವನಿಗೆ ಅದೇ ಕಂಪನಿ ಒಳ್ಳೆಯ ಗುರುಕುಲ.

ಆದ್ದರಿಂದ ನನ್ನ ತೀರ್ಮಾನ ಇದು: ಅವಕಾಶ ಸಿಕ್ಕರೆ ದೊಡ್ಡ ಕಂಪನಿ ಸೇರಲೇಬೇಕು, ಆದರೆ ಬಿಟ್ಟು ಬರುವ ಶಕ್ತಿಯನ್ನು ಮೊದಲ ದಿನದಿಂದಲೇ ಕೂಡಿಡಬೇಕು. ಐದು ವರ್ಷ ಸತತ ದುಡಿದರೆ ಗ್ರ್ಯಾಚುಟಿಯ ಹಕ್ಕು ಬರುತ್ತದೆ. ಅಷ್ಟರೊಳಗೆ ಓದಿನ ಸಾಲ ತೀರಿಸಿ, ಒಂದು ವರ್ಷದ ಮನೆಖರ್ಚು ಉಳಿಸಿ, ಕಂಪನಿಯ ಹೆಸರಿಲ್ಲದೆಯೂ ಅನ್ನ ಕೊಡಬಲ್ಲ ವಿದ್ಯೆಯೊಂದನ್ನು ಪಕ್ಕಾ ಮಾಡಿಕೊಳ್ಳಬೇಕು. ಆಮೇಲೆ ಇರುವುದೋ ಬಿಡುವುದೋ ಸೇರಿದವರ ಇಷ್ಟಕ್ಕೆ ಬಿಟ್ಟದ್ದು.

ತಂದೆತಾಯಂದಿರಲ್ಲಿ ಒಂದು ಕಳಕಳಿಯ ಮಾತು. ಮಗ, ಮಗಳಿಗೆ ಫೋನ್ ಮಾಡಿದಾಗ ಫ್ಲಾಟು ಯಾವಾಗ ತಗೋತಿ ಎಂದು ಕೇಳಬೇಡಿ. ಈ ವರ್ಷ ಏನು ಕಲಿತಿ, ಸಾಲ ಎಷ್ಟು ತೀರಿತು ಎಂದು ಕೇಳಿ.