ಧೂಳು, ಎಣ್ಣೆ ಮತ್ತು ಸುರಂಗದ ನೀರು

ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿಂದ ಇಳಿದು ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಹೊರಟರೆ ಕೆಂಪು ನೆಲ ಮುಗಿದು ಎರೆಭೂಮಿ ತೆರೆದುಕೊಳ್ಳುತ್ತದೆ. ಸೋಯಾ ಅವರೆಯ ರಾಶಿಯ ದಿನಗಳಲ್ಲಿ, ಅನಂತರ ತೊಗರಿಯ ರಾಶಿಯ ಕಾಲದಲ್ಲಿ, ಹೊಟ್ಟು ಮತ್ತು ದಾರಿಯ ಹುಡಿ ಬೆರೆತು ಗಾಳಿಯೇ ಮಣ್ಣಾಗಿರುತ್ತದೆ. ಆ ಗಾಳಿಯನ್ನು ಮನುಷ್ಯರಂತೆ ಯಂತ್ರಗಳೂ ಉಸಿರಾಡುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣವು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಅದು ಒಳಹೊಕ್ಕರೆ ಪಿಸ್ಟನ್ನಿನ ಉಂಗುರಗಳು ಸವೆಯುತ್ತವೆ, ಇಂಜಿನ್ನು ಎಣ್ಣೆ ಕುಡಿದು ಹೊಗೆ ಕಾರುತ್ತದೆ. ಫಿಲ್ಟರ್ ಕಟ್ಟಿಕೊಂಡಿತೆಂದು ಅದನ್ನು ಕಳಚಿಟ್ಟು ಯಂತ್ರ ಓಡಿಸುವುದು ಇಂಜಿನ್ನಿಗೂ ಊರಿನ ಗಾಳಿಗೂ ಬಗೆವ ದ್ರೋಹ.

ಇಂದಿನ ಕಾರುಗಳಲ್ಲಿ ಬಹುಪಾಲು ಕಾಗದದ ಫಿಲ್ಟರ್‌ಗಳೇ ಇವೆ. ಅವನ್ನು ತೊಳೆಯಲೂಬಾರದು, ಎಣ್ಣೆ ಸವರಲೂಬಾರದು. ತೊಳೆದು ಮತ್ತೆ ಬಳಸಬಲ್ಲ ಸ್ಪಂಜಿನ ಫಿಲ್ಟರ್ ಕೆಲವು ವಾಹನಗಳಲ್ಲಿದೆ. ಮಲೆನಾಡಿನ ತೋಟಗಳ ಕಳೆ ಕೊಚ್ಚುವ ಯಂತ್ರ, ಸಣ್ಣ ಪಂಪು, ಔಷಧಿ ಸಿಂಪಡಿಸುವ ಯಂತ್ರಗಳಲ್ಲಿಯೂ ಅದು ಸಾಮಾನ್ಯ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇದೇ ತತ್ತ್ವವು ತಳದ ಎಣ್ಣೆಯ ಬಟ್ಟಲಿನ ರೂಪದಲ್ಲಿದೆ. ಸ್ಪಂಜಿನ ರಂಧ್ರ ಧೂಳಿಗಿಂತ ದೊಡ್ಡದು. ಧೂಳನ್ನು ಹಿಡಿಯುವುದು ಎಳೆಗಳ ಮೇಲಿನ ಎಣ್ಣೆಯ ಪದರ. ಅಂಕುಡೊಂಕಾದ ದಾರಿಯಲ್ಲಿ ಗಾಳಿ ಹೊರಳಿಕೊಳ್ಳುತ್ತದೆ, ಭಾರವಾದ ಕಣ ಹೊರಳಲಾರದೆ ಎಣ್ಣೆಗೆ ಅಂಟುತ್ತದೆ. ಎಣ್ಣೆಯಿಲ್ಲದ ಸ್ಪಂಜು ಜರಡಿಯೂ ಅಲ್ಲ, ಬರಿಯ ಭ್ರಮೆ.

ಸೋಪಿನ ಬೆಚ್ಚನೆಯ ನೀರಿನಲ್ಲಿ ಅದನ್ನು ಅದುಮಿ ತೊಳೆಯಬೇಕು. ಬಟ್ಟೆಯಂತೆ ಹಿಂಡಿದರೆ ಹರಿಯುತ್ತದೆ. ಪೆಟ್ರೋಲ್ ಕೂಡದು: ಬೆಂಕಿಯ ಅಪಾಯ ಒಂದು, ಅಂಟು ಬಿಡುವುದು ಇನ್ನೊಂದು. ನೆರಳಿನಲ್ಲಿ ಪೂರ್ತಿ ಒಣಗಿಸಿ, ಯಂತ್ರದ ಕೈಪಿಡಿ ಹೇಳುವ ಹೊಸ ಎಣ್ಣೆಯನ್ನು ಹಚ್ಚಿ, ಸ್ಪಂಜಿನ ತುಂಬ ಒಂದೇ ಬಣ್ಣ ಬರುವಂತೆ ಅದುಮಿ, ಹೆಚ್ಚಾದುದನ್ನು ತೆಗೆಯಬೇಕು. ತೊಟ್ಟಿಕ್ಕುವಷ್ಟು ಎಣ್ಣೆಯಿದ್ದರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನೇ ಹಚ್ಚುವ ಜಾಣತನ ಕೆಲವೆಡೆ ಉಂಟು. ಅದರಲ್ಲಿರುವ ಲೋಹದ ಪುಡಿ ಎಲ್ಲಿಗೆ ಹೋಗುವುದೆಂದು ಯಾರೂ ಕೇಳುವುದಿಲ್ಲ.

ಕೊಂಡು ಎಸೆಯುವುದಕ್ಕಿಂತ ತೊಳೆದು ಬಳಸುವುದು ಮೇಲು. ಆದರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡದ ಹೊರತು ಈ ಮಾತು ಅರ್ಧಸತ್ಯ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಇದೆ. ಮೇಲಿನ ಜಂಬಿಟ್ಟಿಗೆ ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ, ಅಡಿಯ ಕರಿಬಂಡೆ ಅದನ್ನು ತಡೆಯುತ್ತದೆ, ಸುರಂಗ ಅದನ್ನು ಹರಿಸುತ್ತದೆ. ಕಾಸರಗೋಡು, ದಕ್ಷಿಣ ಕನ್ನಡಗಳ ಗುಡ್ಡಗಳ ಸುರಂಗಗಳೂ ಮುರಕಲ್ಲಿನಲ್ಲೇ ಕೊರೆದವು. ನೀರು ಇಳಿಯುವ ದಾರಿಯಲ್ಲೇ ಎಣ್ಣೆಯೂ ಇಳಿಯುತ್ತದೆ. ಬಾವಿಕಟ್ಟೆಯ ಬಳಿ, ಹಳ್ಳದ ದಂಡೆಯಲ್ಲಿ, ಔರಾದ್ ಮತ್ತು ಭಾಲ್ಕಿಗಳ ನಡುವೆ ಹರಿವ ಮಾಂಜ್ರಾದಲ್ಲಿ ಯಂತ್ರ ತೊಳೆಯುವುದನ್ನು ಸಣ್ಣ ತಪ್ಪೆಂದು ಬಿಡಲಾಗದು. ಒಂದು ಗ್ಯಾಲನ್ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ.

ಕಾನೂನು ಇಲ್ಲವೆಂದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ. 2023ರ ತಿದ್ದುಪಡಿಯು, 2024ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, ಅದರ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಆಮದುದಾರರ ಮೇಲೂ ಹೊರಿಸಿದೆ. ಈ ಹೊಣೆ ರಸ್ತೆಬದಿಯ ಗ್ಯಾರೇಜಿನವರೆಗೆ ಬರಬೇಕಾದರೆ ಸಂತೆಯೂರುಗಳಲ್ಲಿ ಮುಚ್ಚಳವಿರುವ ಪೀಪಾಯಿಯೊಂದನ್ನು ಪಂಚಾಯಿತಿ ಇರಿಸಬೇಕು, ನೋಂದಾಯಿತ ಸಂಸ್ಕರಣಕಾರರು ಬಂದು ಒಯ್ಯುವ ದಿನ ಗೊತ್ತಿರಬೇಕು. ಗ್ರಾಮಸಭೆಯಲ್ಲಿ ಕೇಳಬೇಕಾದುದು ಇದನ್ನು. ಅಲ್ಲಿಯವರೆಗೆ ಸ್ಪಂಜನ್ನು ಬೋಗುಣಿಯಲ್ಲಿ ತೊಳೆದು, ಆ ನೀರನ್ನು ಒಂದೆರಡು ದಿನ ಹಾಗೇ ಬಿಟ್ಟರೆ ತೇಲುವ ಎಣ್ಣೆಯನ್ನಾದರೂ ಬೇರ್ಪಡಿಸಿ ಡಬ್ಬಿಯಲ್ಲಿ ಕೂಡಿಡಬಹುದು. ಉಳಿದ ಕೊಳೆನೀರಿಗೆ ಜಾಗ ಬಾವಿ, ಹಳ್ಳ, ಸುರಂಗದ ಬಾಯಿಗಳಿಂದ ದೂರದಲ್ಲಿರಬೇಕು.