ಲೆಕ್ಕ ಕೇಳೋಣ – 7: ರೋಬೋಟೇ ಬೇಕೇನು?

ಕಮಲಾಪುರದಾಗ ನಮ್ಮ ಕಾಕಾಗ ಎಂಟು ತಿಂಗಳು ಮಲದಾಗ ರಕ್ತ ಹೋಗ್ತಿತ್ತು. ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ ಅಂದ್ಕೊಂಡು ಖಾರ ಬಿಟ್ಟು ಕುಂತರು. ಕೊನಿಗೆ ಕಲಬುರಗಿಗೆ ಕರ್ಕೊಂಡು ಹೋದಾಗ ಗೊತ್ತಾಯ್ತು: ಗುದನಾಳದ ಕ್ಯಾನ್ಸರ್.

ಒಂದು ದವಾಖಾನ್ಯಾಗ "ರೋಬೋಟ್ ಆಪರೇಶನ್ನೇ ಮಾಡಿಸ್ರಿ, ಇಲ್ಲಾಂದ್ರ ರಿಸ್ಕ್" ಅಂದ್ರು. ಅವತ್ತೇ ಮನ್ಯಾಗ ಬಾಳಿ ತೋಟ ಮಾರೋ ಮಾತು ಶುರು.

ನಾನು ಡಾಕ್ಟರ್ ಅಲ್ಲ, ಬಿಕಾಂ ಓದೋ ಹುಡುಗ. ಆದ್ರ ಲೆಕ್ಕ ಕೇಳೋದು ಗೊತ್ತು.

ರೋಬೋಟ್ ತಾನಾಗೇ ಕೊಯ್ಯೋದಿಲ್ಲ. ಡಾಕ್ಟರೇ ಕನ್ಸೋಲ್ ಮುಂದ ಕುಂತು ಅದರ ಕೈ ಆಡಿಸ್ತಾರ. ಸೊಂಟದ ಎಲುಬಿನ ನಡುವಿನ ಇಕ್ಕಟ್ಟು ಜಾಗದಾಗ ಮಣಿಕಟ್ಟಿನಂಗ ಬಾಗೋ ಉಪಕರಣ ಅನುಕೂಲ, ಖರೆ. ಆದ್ರ ಲ್ಯಾಪ್ರೊಸ್ಕೋಪಿನೂ ಸಣ್ಣ ರಂಧ್ರದ ಆಪರೇಶನ್ನೇ.

2017ರಲ್ಲಿ ಬಂದ, 10 ದೇಶಗಳ 471 ರೋಗಿಗಳ ಅಧ್ಯಯನದಲ್ಲಿ ನಡುವೆ ಹೊಟ್ಟೆ ತೆರೆಯಬೇಕಾದದ್ದು ಲ್ಯಾಪ್ರೊಸ್ಕೋಪಿಯಲ್ಲಿ ನೂರಕ್ಕೆ 12, ರೋಬೋಟ್‌ನಲ್ಲಿ 8. ಖಚಿತ ಅನ್ನೋವಷ್ಟು ಅಂತರ ಅಲ್ಲ. 2025ರ ಚೀನಾ ಅಧ್ಯಯನದಲ್ಲಿ, ನುರಿತ ಡಾಕ್ಟರ್‌ಗಳ ಕೈಯಲ್ಲಿ, ಮೂರು ವರ್ಷದೊಳಗೆ ಅದೇ ಭಾಗದಲ್ಲಿ ಕ್ಯಾನ್ಸರ್ ಮರಳಿದ್ದು ರೋಬೋಟ್‌ನಲ್ಲಿ ಶೇ. 1.6, ಲ್ಯಾಪ್ರೊಸ್ಕೋಪಿಯಲ್ಲಿ ಶೇ. 4. ಲಾಭ ಅದ, ಸುಳ್ಳಲ್ಲ. ಆದ್ರ ತೋಟ ಮಾರದಿದ್ರ ಜೀವ ಹೋಗ್ತದ ಅನ್ನೋ ಲೆಕ್ಕ ಇದಲ್ಲ.

ಈಗ ನಮ್ಮ ಕಾಸ್ಟಿಂಗ್ ಕ್ಲಾಸು ನೆನಪು ಮಾಡ್ಕೋರಿ. ಕೋಟಿಗಟ್ಟಲೆ ಯಂತ್ರ ಅಂದ್ರ ಫಿಕ್ಸೆಡ್ ಕಾಸ್ಟ್. ಕೇಸ್ ಕಡಿಮಿ ಇದ್ದಷ್ಟೂ ಒಬ್ಬೊಬ್ಬರ ಪಾಲಿಗೆ ಭಾರ ಜಾಸ್ತಿ. ಹಂಗಾಗಿ ಯಂತ್ರ ತಂದವರಿಗೆ ಕೇಸ್ ಬೇಕೇ ಬೇಕು. ಅದಕ್ಕ ನಾವು ಕೇಳಬೇಕು: ಡಾಕ್ಟರೇ, ನೀವು ವರ್ಷಕ್ಕ ಎಷ್ಟು ಗುದನಾಳದ ಆಪರೇಶನ್ ಮಾಡ್ತೀರಿ? ಇವರಿಗೆ ಲ್ಯಾಪ್ರೊಸ್ಕೋಪಿ ಯಾಕ ಸಾಲಂಗಿಲ್ಲ? ಆಯುಷ್ಮಾನ್ ಕಾರ್ಡಿನಾಗ ಎಷ್ಟು ಬರ್ತದ? ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಅದ. ಹೊಲ ಮಾರೋಕಿಂತ ಮೊದಲು ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳೋದು ತಪ್ಪಲ್ಲ.

ನಾವು ಕೇಳಿದ್ವಿ. ಲ್ಯಾಪ್ರೊಸ್ಕೋಪಿ ಆಯ್ತು, ತೋಟ ಉಳೀತು. ಆದ್ರ ಗಡ್ಡೆ ದೊಡ್ಡದಾಗಿತ್ತು ಅಂತ ಮೊದಲು ರೇಡಿಯೇಶನ್, ಕೀಮೋ. ಈಗ ಹೊಟ್ಟಿ ಮ್ಯಾಲ ಚೀಲ. ಆ ಎಂಟು ತಿಂಗಳು ಯಾವ ರೋಬೋಟೂ ವಾಪಸ್ ಕೊಡಲ್ಲ.

ನನ್ನ ಪ್ರಕಾರ ನಮ್ಮ ಕಡೆ ಎಲ್ಲಕ್ಕಿಂತ ದುಬಾರಿ ಆಗಿದ್ದು ನಾಚಿಕಿ. ಇವತ್ತು ಮನಿಗೆ ಹೋಗಿ ಅಪ್ಪಗ, ಅವ್ವಗ, ಕಾಕಾಗ ಒಂದು ಮಾತು ಕೇಳ್ರಿ: "ರಕ್ತ ಹೋಗ್ತದೇನು?" ಹೌದಂದ್ರ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬ್ಯಾಡ್ರಿ, ಡಾಕ್ಟರಿಗೆ ತೋರಿಸ್ರಿ.

#ಲೆಕ್ಕಕೇಳೋಣ #ಕಮಲಾಪುರ #ಕಲಬುರಗಿ