ಹೊನ್ನಿನ ಚರಿತ್ರೆಯಲ್ಲಿ ಬರೆಯದೆ ಉಳಿದ ಹೆಸರುಗಳು

ಸುವರ್ಣ, ಹೇಮ, ಕನಕ, ಕಾಂಚನ, ಹಿರಣ್ಯ ಎಂದು ಸಂಸ್ಕೃತ ಕೋಶಗಳು ಒಂದೇ ಲೋಹಕ್ಕೆ ಹಲವು ಹೆಸರುಗಳನ್ನು ಹೇಳುತ್ತವೆ. ಕನ್ನಡಕ್ಕೆ ತನ್ನದೇ ಆದ ಶಬ್ದವಿದೆ. ಹಳಗನ್ನಡದ ‘ಪೊನ್’ ಎಂಬುದೇ ಪಕಾರವು ಹಕಾರವಾಗಿ ‘ಹೊನ್ನು’ ಆಯಿತು. ತಮಿಳಿನಲ್ಲಿ ಅದು ಇಂದಿಗೂ ‘ಪೊನ್’ ಎಂದೇ ಉಳಿದಿದೆ. ಎರವಲು ತಾರದೆ ಮನೆಯ ಮಾತಿನಲ್ಲಿಯೇ ಹೆಸರಿಟ್ಟು ಕರೆದ ಈ ಲೋಹದೊಡನೆ ಈ ಜನರ ಪರಿಚಯ ಬಹು ಹಳೆಯದೆಂಬುದರಲ್ಲಿ ಸಂದೇಹವಿಲ್ಲ.

ಆ ಪರಿಚಯಕ್ಕೆ ಭೂಮಿಯೊಳಗಿನ ಸಾಕ್ಷಿಯೂ ಉಂಟು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನದಲ್ಲಿ, ಕಲ್ಲಿನ ಕೊಡಲಿಯನ್ನೇ ಆಯುಧವಾಗಿ ಬಳಸುತ್ತಿದ್ದ ನವಶಿಲಾಯುಗದ ಜನರ ನೆಲೆಯಲ್ಲಿ ಚಿನ್ನದ ಆಭರಣ ದೊರೆಯಿತು. ಕಬ್ಬಿಣವನ್ನು ಅರಿಯುವ ಮುನ್ನವೇ ಇಲ್ಲಿಯವರು ಹೊನ್ನನ್ನು ಅರಿತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದ ಅಶೋಕನ ಶಾಸನವು ‘ಸುವರ್ಣಗಿರಿ’ಯಿಂದ ಹೊರಟ ಆಜ್ಞೆಯೆಂದು ಹೇಳಿಕೊಳ್ಳುತ್ತದೆ. ಆ ಗಿರಿ ಮಸ್ಕಿಯೋ, ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ, ಮೌರ್ಯರು ದಕ್ಷಿಣದ ತಮ್ಮ ಆಡಳಿತದ ನೆಲೆಯನ್ನು ಚಿನ್ನದ ಹೆಸರಿನಿಂದ ಕರೆದುದು ಅರ್ಥಪೂರ್ಣವಾಗಿದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು. ಹೊನ್ನನ್ನು ಅರಸುವ ಕಸುಬಿನವರಿಗೆ ದೊರೆತುದು ಸಾಮ್ರಾಟನ ನಾಮಧೇಯ!

ಕಲ್ಯಾಣ, ಹುಮನಾಬಾದಗಳ ನೆಲವು ಲಾವಾರಸವು ಗಟ್ಟಿಗೊಂಡು ಆದ ಕರಿಕಲ್ಲಿನದು, ಅದರ ಮೇಲೆ ಜಂಬಿಟ್ಟಿಗೆಯದು. ಇದರಲ್ಲಿ ಚಿನ್ನವಿಲ್ಲ. ಅದು ದೊರೆಯುವುದು ದಕ್ಷಿಣಕ್ಕೆ, ರಾಯಚೂರು ಸೀಮೆಯ ಹಟ್ಟಿ–ಮಸ್ಕಿ ಪ್ರದೇಶದಲ್ಲಿ, ಇದಕ್ಕಿಂತ ಎಷ್ಟೋ ಪಾಲು ಪುರಾತನವಾದ ಧಾರವಾಡ ಶಿಲಾವರ್ಗದ ಬೆಣಚುಕಲ್ಲಿನ ಎಳೆಗಳಲ್ಲಿ. ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ತಂದ ಮೇಲೆ ಇಲ್ಲಿಯ ಬೊಕ್ಕಸವನ್ನು ತುಂಬಿದ ಗದ್ಯಾಣಗಳ ಹೊನ್ನೆಲ್ಲವೂ ತೆರಿಗೆಯಿಂದ, ವ್ಯಾಪಾರದಿಂದ, ಯುದ್ಧದಿಂದ ಹೊರಗಿನಿಂದ ಬಂದುದೇ ಹೊರತು ಈ ಮಣ್ಣಿನಲ್ಲಿ ಹುಟ್ಟಿದುದಲ್ಲ.

ಹಾಗಾದರೆ ಅದನ್ನು ನೆಲದಿಂದ ತೆಗೆದವರು ಯಾರು? ಹಟ್ಟಿಯಲ್ಲಿ ಹಿಂದಿನವರು ತೋಡಿದ ಗಣಿಗಳು ಸುಮಾರು 640 ಅಡಿಗಳ ಆಳಕ್ಕೆ ಇಳಿದಿದ್ದವು. ಅವುಗಳಲ್ಲಿ ಉಳಿದಿದ್ದ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರಿಯಿಸಿ, ಬಿರಿದುದನ್ನು ಮೇಲಕ್ಕೆ ಹೊತ್ತು, ಕಲ್ಲಿನ ಕುಳಿಗಳಲ್ಲಿ ಅರೆದು, ನೀರಿನಲ್ಲಿ ತೊಳೆದು ಕಣಕಣವಾಗಿ ಹೊನ್ನನ್ನು ಬೇರ್ಪಡಿಸುತ್ತಿದ್ದರು. ಇಂದಿನ ಯಂತ್ರಯುಗದಲ್ಲಿಯೂ ಒಂದು ಟನ್ನು ಅದಿರಿಗೆ ದೊರೆಯುವುದು ಕೆಲವೇ ಗ್ರಾಮುಗಳು. ಅಂದಿನ ಹೊಗೆ, ಕತ್ತಲೆ, ಉಸಿರುಕಟ್ಟುವ ಆಳಗಳಲ್ಲಿ ದುಡಿದವರ ಒಂದು ಹೆಸರೂ ಉಳಿದಿಲ್ಲ. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತಿದ್ದಾಳೆ. ಗಣಿಗಿಳಿದವನಿಗಾಗಿ ಬರೆಯುವ ಬಾಲಿಕೆಯನ್ನು ಯಾವ ಶಿಲ್ಪಿಯೂ ಕಡೆಯಲಿಲ್ಲ.

ಶಾಲೆಗಳಲ್ಲಿ ಇಂದು ಕಲಿಸುವ ಚರಿತ್ರೆಯೂ ಆ ಬಾಲಿಕೆಯ ದಾರಿಯನ್ನೇ ಹಿಡಿದಿದೆ. ಯಾವ ಅರಸನು ಎಷ್ಟು ಗದ್ಯಾಣ ದಾನವಿತ್ತನೆಂಬುದನ್ನು ಮಕ್ಕಳು ಉರುಹೊಡೆಯುತ್ತಾರೆ; ಒಂದು ಗದ್ಯಾಣದ ಹಿಂದೆ ಎಷ್ಟು ಜನರ ಬೆವರಿದೆಯೆಂಬುದನ್ನು ಅರಿಯರು. ಇದು ಬರಿಯ ಪಾಠದ ಲೋಪವಲ್ಲ. ಮದುವೆಯ ಮಾತುಕತೆಯಲ್ಲಿ ತೊಲದ ಲೆಕ್ಕವನ್ನು ಮೊದಲು ಎತ್ತುವವರೂ ಶಾಲೆ ಕಲಿತವರೇ. ಹೆಣ್ಣು ಹೆತ್ತವರು ಹೊಲವನ್ನು ಒತ್ತೆಯಿಟ್ಟು ಒಡವೆ ಮಾಡಿಸುವುದನ್ನು ಈ ಸೀಮೆಯ ಯಾವ ಊರು ಕಂಡಿಲ್ಲ? ‘ಹೊನ್ನೂ ಮಣ್ಣೂ ಒಂದೇ’ ಎಂದು ವೇದಿಕೆಯಿಂದ ಹೇಳುವುದು ಸುಲಭ. ಕೇಳಿದವನು ಮರುದಿನವೇ ಸರಾಫನ ಅಂಗಡಿಯಲ್ಲಿ ನಿಲ್ಲುತ್ತಾನೆ. ಹೊನ್ನನ್ನು ಹಳಿಯುವುದರಿಂದ ಅದರ ಮೋಹ ಹೋಗದು. ಅದು ಬಂದ ದಾರಿಯನ್ನು ತಿಳಿಸುವುದರಿಂದ ಹೋದೀತು.

ಅದಕ್ಕೆ ಸಾಧನಗಳು ದೂರದಲ್ಲಿಲ್ಲ. ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಬಿಸಿಲುಕೋಲಿನಲ್ಲಿ ಕಾಣುವ ಧೂಳಿನ ಕಣದಿಂದ ಮೊದಲುಗೊಂಡು ಸಾಸಿವೆ, ಜವೆಗೋದಿ, ಗುಲಗಂಜಿಗಳ ಮೂಲಕ ಏರುವ ತೂಕದ ಕೋಷ್ಟಕ ಆ ಸ್ಮೃತಿಯಲ್ಲಿದೆ: ಐದು ಗುಲಗಂಜಿಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ. ಬೆಂಕಿಯಲ್ಲಿ ಕಾಯಿಸಿದರೆ ಬೆಳ್ಳಿ ನೂರು ಪಲಕ್ಕೆ ಎರಡು ಪಲ ಕುಂದುತ್ತದೆ, ಚಿನ್ನ ಕುಂದದು; ಆದುದರಿಂದ ತೂಗಿ ಕೊಟ್ಟಷ್ಟನ್ನು ಅಕ್ಕಸಾಲಿಗನು ತೂಗಿ ಹಿಂದಿರುಗಿಸಬೇಕೆಂಬ ನ್ಯಾಯವೂ ಅಲ್ಲಿದೆ. ಗಣಿತ, ರಸಾಯನ, ನೀತಿ ಮೂರನ್ನೂ ಕಲಿಸಬಲ್ಲ ಈ ಪಾಠ ಕಲ್ಯಾಣದ ಮಕ್ಕಳಿಗೆ ಅಪರಿಚಿತವಾಗಿರುವುದು ಉಚಿತವೆ?

ಅಧ್ಯಾಪಕರು ಊರಿನ ಅಕ್ಕಸಾಲಿಗನನ್ನು ತರಗತಿಗೆ ಕರೆಸಿ ಒರೆಗಲ್ಲು, ಮೂಸೆ, ಊದುಗೊಳವೆಗಳ ಕೆಲಸವನ್ನು ತೋರಿಸಲಿ. ಪ್ರವಾಸವೆಂದು ದೂರದೂರುಗಳಿಗೆ ಹೋಗುವ ಮುನ್ನ ಮಕ್ಕಳು ಮಸ್ಕಿಯ ಬಂಡೆಯನ್ನೂ ಹಟ್ಟಿಯನ್ನೂ ಕಾಣಲಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಬಳಿಕ, 1947ರಲ್ಲಿ ಸ್ಥಾಪಿತವಾದ ಹಟ್ಟಿಯ ಕಂಪನಿಯೇ ಈ ನಾಡಿನ ಹೊನ್ನಿನ ಕೆಲಸವನ್ನು ಮುಂದುವರಿಸಿಕೊಂಡು ಬಂದಿದೆ. ದಾನಿಗಳು ಗೋಡೆಗೆ ಹಚ್ಚುವ ಅಮೃತಶಿಲೆಯ ಫಲಕದ ವೆಚ್ಚದಲ್ಲಿ ಒಂದು ತರಗತಿಯನ್ನು ಅಲ್ಲಿಗೆ ಕಳುಹಿಸಿದರೆ ಆ ದಾನ ಹೆಚ್ಚು ಕಾಲ ಉಳಿದೀತು.

ಹಟ್ಟಿ ಇರುವ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಗುರುಗುಂಟೆಯ ಬಳಿಯ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಲ್ಲಿಂದಲೇ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಹೊನ್ನಿನ ನೆಲದಿಂದ ಬಂದ ಅವರು ಇಲ್ಲಿ ಕೈಗೊಂಡ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಗಂಡ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಹೇಳಿದಳಂತೆ. ಚಾಲುಕ್ಯರ ಬೊಕ್ಕಸ ಉಳಿಯಲಿಲ್ಲ. ಹಿಡಿ ಅಕ್ಕಿಯ ಆ ಲೆಕ್ಕ ಉಳಿದಿದೆ. ತೊಲದ ಲೆಕ್ಕ ಕಲಿಯುವ ಮಕ್ಕಳಿಗೆ ಈ ಲೆಕ್ಕವನ್ನೂ ಕಲಿಸುವುದು ಕಲ್ಯಾಣದ ವಿದ್ಯಾಸಂಸ್ಥೆಗಳ ಕರ್ತವ್ಯ.